ತಾಳಮದ್ದಳೆ ರೆಕಾರ್ಡಿಂಗ್: ರೆಕಾರ್ಡರ್‌ನಿಂದ ಕಂಪ್ಯೂಟರಿಗೆ ಟ್ರ್ಯಾಕ್‌ಗಳನ್ನು ಸಾಲು ತಪ್ಪದಂತೆ ಸಾಗಿಸುವುದು ಹೇಗೆ?

ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದೆ ಪದ ಮತ್ತು ಮಾತಿನಲ್ಲೇ ನಡೆಯುವ ಯಕ್ಷಗಾನ. ಅದರ ಮಂಗಳ ಪದ ಮುಗಿದು, ಮೈಕ್ ವೈರ್ ಸುತ್ತಿ ಚೀಲಕ್ಕೆ ಹಾಕುವಾಗ ರಾತ್ರಿ ಒಂದು ಗಂಟೆ ದಾಟಿರುತ್ತದೆ. ಹೊರಗೆ ಮಳೆ. ಕೈಯಲ್ಲಿ ಉಳಿಯುವುದು ಅಂಚೆಚೀಟಿಯಷ್ಟು ದೊಡ್ಡ ಒಂದು ಎಸ್‌ಡಿ ಕಾರ್ಡ್. ಐದು ಗಂಟೆಯ ಪದ, ಅರ್ಥ (ಪಾತ್ರಗಳ ಮಾತು), ಚೆಂಡೆ, ಮದ್ದಳೆ ಎಲ್ಲ ಅದರಲ್ಲೇ ಇದೆ. ಅದೇ ಭಾಗವತರು ಅದೇ ಪದವನ್ನು ಇನ್ನೊಮ್ಮೆ ಅದೇ ತರ ಹೇಳುವುದಿಲ್ಲ. ಅರ್ಥಧಾರಿಗಳ ಮಾತಂತೂ ಆ ಕ್ಷಣದಲ್ಲೇ ಹುಟ್ಟಿದ್ದು. ಹಾಗಾಗಿ ಕಾರ್ಡಿನಿಂದ ಕಂಪ್ಯೂಟರಿಗೆ ಸಾಗಿಸುವ ಕೆಲಸಕ್ಕೂ ನಾನು ರೆಕಾರ್ಡಿಂಗಿನಷ್ಟೇ ಗಮನ ಕೊಡುತ್ತೇನೆ.

ನಾನು ಬಳಸುವುದು ಜೂಮ್ ಎಚ್6 ರೆಕಾರ್ಡರ್. ಅದಕ್ಕೆ ನಾಲ್ಕು ಮೈಕ್ ಸಿಕ್ಕಿಸಬಹುದು, ತಲೆಯ ಮೇಲೆ ಎಕ್ಸ್‌ವೈ ಸ್ಟೀರಿಯೊ ಮೈಕ್ ಕೂರುತ್ತದೆ. ಒಟ್ಟು ಆರು ಚಾನೆಲ್. ಒಂದನೆಯದು ಭಾಗವತರಿಗೆ, ಎರಡು ಮದ್ದಳೆಗೆ, ಮೂರು ಚೆಂಡೆಗೆ, ನಾಲ್ಕು ಅರ್ಥಧಾರಿಗಳ ನಡುವೆ. ಎಕ್ಸ್‌ವೈ ಮೈಕ್ ಸಭೆಯ ಧ್ವನಿ ಹಿಡಿಯುತ್ತದೆ. ನಿಮ್ಮ ಹತ್ತಿರ ಬೇರೆ ಯಂತ್ರ ಇದ್ದರೂ ಮುಂದೆ ಹೇಳುವ ಹೆಚ್ಚಿನ ಮಾತು ಅದಕ್ಕೂ ಹೊಂದುತ್ತದೆ.

ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಆರು ಟ್ರ್ಯಾಕ್ ಅಂದರೆ ಆರು ಬೇರೆ ಬೇರೆ ಹಾಡಲ್ಲ. ಒಂದೇ ಕ್ಷಣವನ್ನು ಆರು ಕಿವಿಗಳು ಕೇಳಿದ್ದು. ಎಲ್ಲ ಫೈಲ್‌ಗಳೂ ಒಂದೇ ಗೆರೆಯಿಂದ ಹೊರಟಿವೆ. ಆ ಗೆರೆ ತಪ್ಪಿದರೆ ಚೆಂಡೆಯ ಪೆಟ್ಟು ಒಂದು ಕಡೆ, ತಾಳ ಇನ್ನೊಂದು ಕಡೆ ಬೀಳುತ್ತದೆ. ಈ ಲೇಖನದಲ್ಲಿ ಹೇಳುವ ಪ್ರತಿ ಹೆಜ್ಜೆಯೂ ಆ ಗೆರೆಯನ್ನು ಕಾಪಾಡುವುದಕ್ಕೇ.

ಮನೆಯಿಂದ ಹೊರಡುವ ಮೊದಲು

ಸಾಗಾಟದ ಅರ್ಧ ಕೆಲಸ ರೆಕಾರ್ಡಿಂಗಿಗೆ ಮೊದಲೇ ಮುಗಿಯುತ್ತದೆ. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿ ಅಳೆಯಬೇಕು ಅನ್ನುವುದು) 48 ಕಿಲೋಹರ್ಟ್ಸ್, ಆಳ (ಪ್ರತಿ ಅಳತೆ ಎಷ್ಟು ಸೂಕ್ಷ್ಮ ಅನ್ನುವುದು) 24 ಬಿಟ್, ಫೈಲ್ ವೇವ್ ಅಂತ ಇಟ್ಟುಕೊಳ್ಳಿ. ಎಂಪಿ3 ಬೇಡ. ವಿಡಿಯೊ ಜೊತೆ ಸೇರಿಸುವ ಯೋಚನೆ ಇದ್ದರಂತೂ 48 ಸರಿಯಾದ ಆಯ್ಕೆ, ಯಾಕೆಂದರೆ ವಿಡಿಯೊದಲ್ಲಿ ಅದೇ ರೂಢಿ.

ಈಗ ಜಾಗದ ಲೆಕ್ಕ. ಒಂದು ಮೊನೊ ಟ್ರ್ಯಾಕ್‌ಗೆ ಸೆಕೆಂಡಿಗೆ 48,000 ಸ್ಯಾಂಪಲ್, ಪ್ರತಿಯೊಂದಕ್ಕೆ 3 ಬೈಟ್. ಅಂದರೆ ಗಂಟೆಗೆ ಸುಮಾರು 518 ಎಂಬಿ. ಆರು ಚಾನೆಲ್‌ಗೆ ಗಂಟೆಗೆ 3.1 ಜಿಬಿ. ಐದು ಗಂಟೆಯ ಪ್ರಸಂಗಕ್ಕೆ 15.5 ಜಿಬಿ ಆಯಿತು. 16 ಜಿಬಿ ಕಾರ್ಡ್ ಸಾಕು ಅನ್ನಿಸಬಹುದು. ಆದರೆ ಸಂವಾದ ಕಳೆಗಟ್ಟಿದರೆ ಅರ್ಥಧಾರಿಗಳು ಗಡಿಯಾರ ನೋಡುವುದಿಲ್ಲ, ಅಲ್ವಾ? 32 ಜಿಬಿ ಹಾಕಿಕೊಂಡು ಹೋಗಿ.

ಎಚ್6ನಲ್ಲಿ ಪ್ರತಿ ಮೈಕ್‌ಗೂ ಬೇರೆ ಫೈಲ್ ಆಗಬೇಕಾದರೆ ರೆಕಾರ್ಡಿಂಗ್ ವಿಧಾನ ಮಲ್ಟಿ ಫೈಲ್ ಇರಬೇಕು. ಸ್ಟೀರಿಯೊ ಫೈಲ್ ವಿಧಾನದಲ್ಲಿದ್ದರೆ ಎಲ್ಲ ಮೈಕ್ ಬೆರೆತು ಒಂದೇ ಫೈಲ್ ಆಗುತ್ತದೆ. ಬೆರೆತದ್ದನ್ನು ಆಮೇಲೆ ಬಿಡಿಸಲು ಬರುವುದಿಲ್ಲ. ಕೂತಲ್ಲಿಂದ ಏಳುವ ಮೊದಲು ಇದನ್ನು ಎರಡು ಸಲ ನೋಡಿ.

ಇನ್ನೊಂದು ರೂಢಿ ಮಾಡಿಕೊಳ್ಳಿ. ರೆಕಾರ್ಡ್ ಗುಂಡಿ ಒತ್ತಿದ ತಕ್ಷಣ ಎಲ್ಲ ಮೈಕ್‌ಗಳ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ಹೊಡೆಯಿರಿ. ಆಮೇಲೆ "ಒಂದು ಭಾಗವತರು, ಎರಡು ಮದ್ದಳೆ, ಮೂರು ಚೆಂಡೆ, ನಾಲ್ಕು ಅರ್ಥ" ಅಂತ ಬಾಯಲ್ಲಿ ಹೇಳಿ, ತಾರೀಕು, ಪ್ರಸಂಗದ ಹೆಸರು ಸೇರಿಸಿ. ಮುಗಿಯುವಾಗ ಇನ್ನೊಂದು ಚಪ್ಪಾಳೆ. ಹತ್ತು ವರ್ಷ ಬಿಟ್ಟು ಫೈಲ್ ತೆರೆದವರಿಗೂ ಇದು ಏನೆಂದು ಗೊತ್ತಾಗುತ್ತದೆ.

ಕೇಬಲ್ ಸಾಕಾ, ಕಾರ್ಡ್ ರೀಡರ್ ಬೇಕಾ?

ನನ್ನ ಮತ ಕಾರ್ಡ್ ರೀಡರ್ ಕಡೆಗೆ. ರೆಕಾರ್ಡರ್ ಆಫ್ ಮಾಡಿ, ಕಾರ್ಡ್ ಹೊರಗೆ ತೆಗೆಯಿರಿ. ಅದರ ಎಡ ಅಂಚಿನಲ್ಲಿ ಸಣ್ಣ ಜಾರುಗುಂಡಿ ಇರುತ್ತದೆ. ಅದನ್ನು ಲಾಕ್ ಕಡೆಗೆ ತಳ್ಳಿ. ಈಗ ಕಂಪ್ಯೂಟರ್ ಓದಬಲ್ಲದು, ಅಳಿಸಲು ಬರೆಯಲು ಆಗುವುದಿಲ್ಲ. ನಿದ್ದೆಗಣ್ಣಲ್ಲಿ ಡಿಲೀಟ್ ಒತ್ತಿದರೂ ಫೈಲ್ ಉಳಿಯುತ್ತದೆ. ಇನ್ನೊಂದು ಲಾಭವೂ ಇದೆ. ಮ್ಯಾಕ್ ಕಂಪ್ಯೂಟರ್‌ಗಳು ಇಂಥ ಕಾರ್ಡ್‌ಗಳಲ್ಲಿ ಚುಕ್ಕೆಯಿಂದ ಶುರುವಾಗುವ ಅಡಗಿದ ಫೈಲ್‌ಗಳನ್ನು ಬರೆದಿಡುತ್ತವೆ. ಕೆಲವು ರೆಕಾರ್ಡರ್‌ಗಳು ಅವನ್ನು ಕಂಡು ತಬ್ಬಿಬ್ಬಾಗುತ್ತವೆ. ಲಾಕ್ ಇದ್ದರೆ ಆ ಸಮಸ್ಯೆ ಇಲ್ಲ.

ಕೇಬಲ್ ಬಳಸುವುದಾದರೆ ಎರಡು ವಿಷಯ ನೋಡಿಕೊಳ್ಳಿ. ಮೊದಲನೆಯದು, ಬರೀ ಚಾರ್ಜ್ ಮಾಡುವ ಕೇಬಲ್‌ನಲ್ಲಿ ಡೇಟಾ ಹೋಗುವುದಿಲ್ಲ. "ಕಂಪ್ಯೂಟರ್ ರೆಕಾರ್ಡರನ್ನು ಗುರುತಿಸುತ್ತಿಲ್ಲ" ಅಂತ ಫೋನ್ ಬಂದರೆ ನಾನು ಮೊದಲು ಕೇಬಲ್ ಬದಲಿಸಲು ಹೇಳುತ್ತೇನೆ. ಎರಡನೆಯದು, ರೆಕಾರ್ಡರ್‌ನ ಯುಎಸ್‌ಬಿ ಮೆನುವಿನಲ್ಲಿ ಎರಡು ದಾರಿ ಇರುತ್ತವೆ, ಆಡಿಯೊ ಇಂಟರ್‌ಫೇಸ್ ಮತ್ತು ಕಾರ್ಡ್ ರೀಡರ್. ಫೈಲ್ ಸಾಗಿಸಲು ಕಾರ್ಡ್ ರೀಡರ್ ಆರಿಸಬೇಕು. ಆಡಿಯೊ ಇಂಟರ್‌ಫೇಸ್ ಆರಿಸಿದರೆ ಅದು ಮೈಕ್ ತರ ಕೆಲಸ ಮಾಡುತ್ತದೆ, ಒಳಗಿನ ಫೈಲ್‌ಗಳು ಕಾಣುವುದೇ ಇಲ್ಲ.

ನಕಲು ಮಾಡುವುದು

ಕಾರ್ಡಿನಲ್ಲಿ ಪ್ರತಿ ರೆಕಾರ್ಡಿಂಗಿಗೂ ಒಂದೊಂದು ಫೋಲ್ಡರ್ ಇರುತ್ತದೆ, ಹೆಸರು ಜೂಮ್0001 ಅಂತ ಶುರುವಾಗುತ್ತದೆ. ಒಳಗಿನ ಮೊನೊ ಫೈಲ್‌ಗಳ ಕೊನೆಯಲ್ಲಿ ಟಿಆರ್1, ಟಿಆರ್2 ಅಂತ ಇರುತ್ತದೆ. ಎಲ್‌ಆರ್ ಅಂತ ಇರುವುದು ಸ್ಟೀರಿಯೊ. ಫೈಲ್‌ಗಳನ್ನು ಒಂದೊಂದಾಗಿ ಆರಿಸಬೇಡಿ. ಇಡೀ ಫೋಲ್ಡರನ್ನೇ ನಕಲು ಮಾಡಿ. ಕಟ್ ಮಾಡಿ ಪೇಸ್ಟ್ ಮಾಡುವುದಂತೂ ಬೇಡವೇ ಬೇಡ. ನಡುವೆ ಕರೆಂಟ್ ಹೋದರೆ ಅರ್ಧ ಅಲ್ಲಿ, ಅರ್ಧ ಇಲ್ಲಿ ಆಗಿಬಿಡುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ.

ಸೆಕೆಂಡಿಗೆ 20 ಎಂಬಿ ವೇಗ ಸಿಕ್ಕರೆ 15.5 ಜಿಬಿಗೆ ಹದಿಮೂರು ನಿಮಿಷ ಹಿಡಿಯುತ್ತದೆ. ಒಂದು ಚಹಾ ಕುಡಿದು ಬನ್ನಿ.

ಆಮೇಲೆ ತಾಳೆ ನೋಡುವುದು. ವಿಂಡೋಸ್‌ನಲ್ಲಿ ಟೆರಾಕಾಪಿ ಎಂಬ ಪ್ರೋಗ್ರಾಂ ಇದೆ. ಅದರಲ್ಲಿ ವೆರಿಫೈ ಆಯ್ಕೆ ಹಾಕಿದರೆ ನಕಲು ಮುಗಿದ ಮೇಲೆ ಮೂಲದ ಜೊತೆ ಹೋಲಿಸಿ ಸರಿಯಿದೆಯೋ ಇಲ್ಲವೋ ಹೇಳುತ್ತದೆ. ಅದು ಇಲ್ಲದಿದ್ದರೆ ಕನಿಷ್ಠ ಎರಡೂ ಫೋಲ್ಡರ್‌ಗಳ ಒಟ್ಟು ಬೈಟ್ ಸಂಖ್ಯೆ ಕೊನೆಯ ಅಂಕಿವರೆಗೆ ಒಂದೇ ಇದೆಯೇ ನೋಡಿ. "15.5 ಜಿಬಿ ಎರಡರಲ್ಲೂ ಇದೆ" ಅನ್ನುವುದು ಸಾಲದು. ಕೊನೆಗೆ ಪ್ರತಿ ಟ್ರ್ಯಾಕನ್ನೂ ಶುರು, ನಡು, ಕೊನೆ ಮೂರು ಕಡೆ ಕಿವಿಯಿಂದ ಕೇಳಿ.

ಎರಡನೆಯ ನಕಲು ಬೇರೆ ಡಿಸ್ಕ್‌ಗೆ ಹೋಗಬೇಕು. ಅದೇ ಲ್ಯಾಪ್‌ಟಾಪಿನ ಇನ್ನೊಂದು ಫೋಲ್ಡರಿನಲ್ಲಿ ಇಟ್ಟರೆ ಎರಡನೆಯ ನಕಲು ಆಗುವುದಿಲ್ಲ. ಗೂಗಲ್ ಡ್ರೈವ್‌ನಲ್ಲಿ ಉಚಿತವಾಗಿ ಸಿಗುವ ಜಾಗ 15 ಜಿಬಿ, ನಮ್ಮ ಒಂದು ರಾತ್ರಿಯೇ ಅದರಲ್ಲಿ ಹಿಡಿಸುವುದಿಲ್ಲ. ದೂರದ ಗೆಳೆಯರಿಗೆ ಕಳಿಸಬೇಕಾದರೆ ಫ್ಲ್ಯಾಕ್ ಎಂಬ ಫೈಲ್ ರೂಪಕ್ಕೆ ಬದಲಿಸಿ. ಗಾತ್ರ ಸಾಮಾನ್ಯವಾಗಿ ಅರ್ಧದ ಆಸುಪಾಸಿಗೆ ಇಳಿಯುತ್ತದೆ, ಧ್ವನಿಯಲ್ಲಿ ಒಂದು ಬಿಟ್ ಕೂಡ ಕಳೆಯುವುದಿಲ್ಲ.

ಹೆಸರು ಬದಲಿಸುವುದೇನಿದ್ದರೂ ನಕಲಿನಲ್ಲಿ ಮಾತ್ರ, ಕಾರ್ಡಿನಲ್ಲಿ ಅಲ್ಲ. ನಾನು ವರ್ಷ, ತಿಂಗಳು, ದಿನ, ಊರು, ಪ್ರಸಂಗ, ಮೈಕ್ ಈ ಕ್ರಮದಲ್ಲಿ ಹೆಸರಿಡುತ್ತೇನೆ. ವರ್ಷ ಮೊದಲು ಬಂದರೆ ಫೈಲ್‌ಗಳು ತಾವಾಗಿ ಕಾಲಕ್ರಮದಲ್ಲಿ ನಿಲ್ಲುತ್ತವೆ.

ಒಂದೇ ಗೆರೆಯಲ್ಲಿ ನಿಲ್ಲಿಸುವುದು

ಟ್ರ್ಯಾಕ್‌ಗಳನ್ನು ಜೋಡಿಸಲು ನಾನು ಬಳಸುವ ಪ್ರೋಗ್ರಾಂ ರೀಪರ್. ಆಡಾಸಿಟಿ ಉಚಿತ, ಅದರಲ್ಲೂ ಈ ಕೆಲಸ ಆಗುತ್ತದೆ. ಮೊದಲು ಹೊಸ ಪ್ರಾಜೆಕ್ಟ್ ತೆರೆದು ಸ್ಯಾಂಪಲ್ ರೇಟ್ 48,000 ಅಂತ ಹಾಕಿ. ಕರ್ಸರನ್ನು ಸೊನ್ನೆಗೆ ತನ್ನಿ. ಆಮೇಲೆ ಎಲ್ಲ ಫೈಲ್‌ಗಳನ್ನೂ ಒಟ್ಟಿಗೆ ಆರಿಸಿ ಒಳಗೆ ತನ್ನಿ. ಒಂದೇ ಟ್ರ್ಯಾಕಿನಲ್ಲಿ ಸಾಲಾಗಿ ಹಾಕಬೇಕಾ, ಬೇರೆ ಬೇರೆ ಟ್ರ್ಯಾಕಿನಲ್ಲಿ ಹಾಕಬೇಕಾ ಅಂತ ರೀಪರ್ ಕೇಳುತ್ತದೆ. ಬೇರೆ ಬೇರೆ ಅನ್ನಿ. ಎಲ್ಲವೂ ಸೊನ್ನೆಯಿಂದ ಶುರುವಾಗುತ್ತವೆ, ಒಂದೇ ಉದ್ದ ಇರುತ್ತವೆ. ತುಂಡಾಗಿ ಬರುವ ದೊಡ್ಡ ಫೈಲ್‌ಗಳ ಮಾತು ಮುಂದೆ ಹೇಳುತ್ತೇನೆ; ಅದು ಬಿಟ್ಟು ಒಂದು ಫೈಲ್ ಗಿಡ್ಡ ಇದ್ದರೆ ಅಲ್ಲೇ ನಿಲ್ಲಿ. ನಕಲು ಅರ್ಧಕ್ಕೆ ನಿಂತಿರಬಹುದು.

ತುಂಬ ಜನ ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಚೆಂಡೆ ಟ್ರ್ಯಾಕಿನಲ್ಲಿ ಮೊದಲ ಇಪ್ಪತ್ತು ನಿಮಿಷ ಏನೂ ಇಲ್ಲ, ಸುಮ್ನೆ ಜಾಗ ಹಾಳು ಅಂತ ಆ ಫೈಲಿನ ಮೊದಲ ಭಾಗ ಕತ್ತರಿಸಿ ಉಳಿಸುತ್ತಾರೆ. ಕತ್ತರಿಸಿದ ಫೈಲ್ ಇನ್ನೊಂದು ಕಂಪ್ಯೂಟರಿಗೆ ಹೋದಾಗ ಅದು ಎಲ್ಲಿಂದ ಶುರುವಾಗಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ. ಮೌನವೂ ಅಳತೆಯೇ. ಅದನ್ನು ಇರಲು ಬಿಡಿ.

ಇನ್ನೊಂದು ಅನುಮಾನ ಬರುತ್ತದೆ. ಚೆಂಡೆಯ ಪೆಟ್ಟು ಚೆಂಡೆ ಮೈಕಿನಲ್ಲಿ ಒಂದು ಕ್ಷಣ, ಭಾಗವತರ ಮೈಕಿನಲ್ಲಿ ಸ್ವಲ್ಪ ತಡವಾಗಿ ಕಾಣುತ್ತದೆ. ಇದು ಸಾಗಾಟದ ದೋಷ ಅಲ್ಲ. ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಎರಡು ಮೀಟರ್ ದೂರ ಇದ್ದರೆ 6 ಮಿಲಿಸೆಕೆಂಡ್. ಟ್ರ್ಯಾಕ್ ಎಳೆದು ಅದನ್ನು ಸರಿಮಾಡಲು ಹೋದರೆ ಭಾಗವತರ ದನಿ ತನ್ನ ಜಾಗ ಬಿಟ್ಟು ಸರಿಯುತ್ತದೆ.

ದೊಡ್ಡ ರೆಕಾರ್ಡಿಂಗ್ ಕೆಲವೊಮ್ಮೆ ತುಂಡಾಗಿ ಬರುತ್ತದೆ. ಫೈಲ್ 2 ಜಿಬಿ ದಾಟಿದಾಗ ಎಚ್6 ತಾನೇ ಹೊಸ ಫೈಲ್ ಶುರು ಮಾಡುತ್ತದೆ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಸ್ಟೀರಿಯೊ ಫೈಲ್ ಎರಡು ಗಂಟೆ ದಾಟುತ್ತಲೇ ಆ ಅಳತೆ ಮುಟ್ಟುತ್ತದೆ. ಹೆದರಬೇಡಿ. ಮೊದಲ ತುಂಡಿನ ಬಾಲಕ್ಕೆ ಎರಡನೆಯದರ ತಲೆ ಅಂಟಿಸಿ. ನಡುವೆ ಅಂತರವೂ ಬೇಡ, ಒಂದರ ಮೇಲೊಂದು ಹತ್ತುವುದೂ ಬೇಡ. ತುಂಡುಗಳು ತಾಗುವ ಕಡೆ ರೀಪರ್ ತಾನಾಗಿ ಕ್ರಾಸ್‌ಫೇಡ್ (ಒಂದು ತುಂಡನ್ನು ತಗ್ಗಿಸುತ್ತಾ ಇನ್ನೊಂದನ್ನು ಏರಿಸುವುದು) ಹಾಕಿದ್ದರೆ ತೆಗೆಯಿರಿ. ಎಲ್ಲ ಚಾನೆಲ್ ಒಂದೇ ಫೈಲಿನಲ್ಲಿ ಇಡುವ ಯಂತ್ರಗಳೂ ಇವೆ. ಎಂಟು ಚಾನೆಲ್ ಒಟ್ಟಿಗೆ ಇದ್ದರೆ ಅರುವತ್ತೆರಡು ನಿಮಿಷಕ್ಕೇ 4 ಜಿಬಿ ಆಗಿಬಿಡುತ್ತದೆ. ಎಫ್‌ಎಟಿ32 ಎಂಬ ಪದ್ಧತಿಯಲ್ಲಿ ಫಾರ್ಮ್ಯಾಟ್ ಆದ ಕಾರ್ಡಿನಲ್ಲಿ ಒಂದು ಫೈಲ್ ಅದಕ್ಕಿಂತ ದೊಡ್ಡದಾಗಲು ಸಾಧ್ಯವಿಲ್ಲ. ಅಂಥ ಫೈಲ್ ರೀಪರ್‌ಗೆ ಒಂದೇ ಪಟ್ಟಿಯಾಗಿ ಬರುತ್ತದೆ. ಮೆನುವಿನಲ್ಲಿ ಎಕ್ಸ್‌ಪ್ಲೋಡ್ ಅನ್ನುವ ಆದೇಶ ಕೊಟ್ಟರೆ ಚಾನೆಲ್‌ಗಳು ಬಿಡಿಬಿಡಿಯಾಗುತ್ತವೆ.

ಮೊಬೈಲಿನಲ್ಲಿ ವಿಡಿಯೊ ತೆಗೆದಿದ್ದರೆ ಚಪ್ಪಾಳೆ ಈಗ ಕೆಲಸಕ್ಕೆ ಬರುತ್ತದೆ. ಮೊಬೈಲಿನ ಧ್ವನಿಯಲ್ಲಿ ಚಪ್ಪಾಳೆಯ ಮೊನೆ ಹುಡುಕಿ, ರೆಕಾರ್ಡರಿನ ಚಪ್ಪಾಳೆಗೆ ಹೊಂದಿಸಿ. ಆದರೂ ಕೊನೆಯ ಚಪ್ಪಾಳೆ ತಾಳೆಯಾಗದೆ ಇರಬಹುದು. ಎರಡು ಯಂತ್ರಗಳ ಒಳಗಿನ ಗಡಿಯಾರಗಳು ಸರಿಸಮ ಓಡುವುದಿಲ್ಲ. ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ವ್ಯತ್ಯಾಸ ಇದ್ದರೆ ಗಂಟೆಗೆ 72 ಮಿಲಿಸೆಕೆಂಡ್, ಐದು ಗಂಟೆಗೆ ಮೂರನೇ ಒಂದು ಸೆಕೆಂಡಿಗಿಂತ ಜಾಸ್ತಿ. ಧ್ವನಿಯನ್ನು ಎಳೆಯಬೇಡಿ. ಪದ ಮುಗಿದು ಅರ್ಥ ಶುರುವಾಗುವ ಮೌನದಲ್ಲಿ ವಿಡಿಯೊವನ್ನು ತುಂಡು ಮಾಡಿ, ಅದನ್ನೇ ಚೂರು ಸರಿಸಿ. ನೋಡುವವರಿಗೆ ತಿಳಿಯುವುದೇ ಇಲ್ಲ.

ಉಳಿಸುವಾಗ, ಎಲ್ಲ ಮೀಡಿಯಾ ಫೈಲ್‌ಗಳನ್ನೂ ಪ್ರಾಜೆಕ್ಟ್ ಫೋಲ್ಡರಿಗೆ ನಕಲು ಮಾಡುವ ಆಯ್ಕೆಗೆ ಟಿಕ್ ಹಾಕಿ. ಇಲ್ಲದಿದ್ದರೆ ಕಾರ್ಡ್ ಹೊರತೆಗೆದ ಮರುಕ್ಷಣ ಪ್ರಾಜೆಕ್ಟಿಗೆ ಫೈಲ್‌ಗಳೇ ಸಿಗದೆ ಹೋಗಬಹುದು.

ಯುಎಸ್‌ಬಿ ಇಲ್ಲದ ಹಳೆ ಯಂತ್ರಗಳು

1990ರ ದಶಕದ ಡಿಜಿಟಲ್ ಮಲ್ಟಿಟ್ರ್ಯಾಕ್ ಯಂತ್ರಗಳು ಇನ್ನೂ ಕೆಲವರ ಅಟ್ಟದ ಮೇಲಿವೆ. ಅಲೆಸಿಸ್ ಅಡಾಟ್ ಎಸ್-ವಿಎಚ್‌ಎಸ್ ಟೇಪಿನಲ್ಲಿ ಎಂಟು ಟ್ರ್ಯಾಕ್ ಬರೆಯುತ್ತಿತ್ತು. ರೋಲಂಡ್ ವಿಎಸ್-880 ತನ್ನ ಒಳಗಿನ ಹಾರ್ಡ್ ಡಿಸ್ಕಿನಲ್ಲಿ ತನ್ನದೇ ರೀತಿಯಲ್ಲಿ ಬರೆಯುತ್ತಿತ್ತು. ಇವುಗಳ ಡಿಸ್ಕ್ ಅಥವಾ ಟೇಪನ್ನು ನೇರ ಕಂಪ್ಯೂಟರಿಗೆ ಹಾಕಿ ಓದಲು ಆಗುವುದಿಲ್ಲ. ನುಡಿಸುತ್ತಾ ಹಿಡಿಯಬೇಕು, ಒಂದು ಗಂಟೆಯ ಧ್ವನಿಗೆ ಒಂದು ಗಂಟೆ.

ಯಂತ್ರಕ್ಕೆ ಅಡಾಟ್ ಆಪ್ಟಿಕಲ್ ಔಟ್ ಇದ್ದು, ನಿಮ್ಮ ಆಡಿಯೊ ಇಂಟರ್‌ಫೇಸ್‌ಗೆ (ಕಂಪ್ಯೂಟರಿಗೆ ಧ್ವನಿ ಒಳತರುವ ಪೆಟ್ಟಿಗೆ) ಅದೇ ತರದ ಇನ್ ಇದ್ದರೆ ನೀವು ಪುಣ್ಯವಂತರು. ಬೆಳಕು ಹರಿಯುವ ಒಂದೇ ತೆಳು ಕೇಬಲಿನಲ್ಲಿ ಎಂಟು ಟ್ರ್ಯಾಕ್ ಒಟ್ಟಿಗೆ ಬರುತ್ತವೆ. ಗೆರೆ ತಪ್ಪುವ ಮಾತೇ ಇಲ್ಲ.

ಎಸ್‌ಪಿಡಿಐಎಫ್ ಎಂಬ ಡಿಜಿಟಲ್ ಜೋಡಣೆ ಮಾತ್ರ ಇದ್ದರೆ ಒಂದು ಸಲಕ್ಕೆ ಎರಡೇ ಚಾನೆಲ್. ಸಾಮಾನ್ಯವಾಗಿ ಎಲ್ಲರೂ 1-2, 3-4, 5-6, 7-8 ಅಂತ ನಾಲ್ಕು ಸುತ್ತಿನಲ್ಲಿ ಮುಗಿಸುತ್ತಾರೆ. ಆಮೇಲೆ ನಾಲ್ಕು ಜೋಡಿಗಳನ್ನು ಹೊಂದಿಸಲು ಪರದಾಡುತ್ತಾರೆ, ಯಾಕೆಂದರೆ ಪ್ರತಿ ಸುತ್ತೂ ಬೇರೆ ಬೇರೆ ಕ್ಷಣದಲ್ಲಿ ಶುರುವಾಗಿದೆ. ನಾನು ಮಾಡುವುದು ಬೇರೆ. ಒಂದನೆಯ ಟ್ರ್ಯಾಕನ್ನು ಪೂರ್ತಿ ಎಡಕ್ಕೆ ತಿರುಗಿಸುತ್ತೇನೆ. ಬಲಕ್ಕೆ ಮೊದಲ ಸುತ್ತಿನಲ್ಲಿ ಎರಡನೆಯದು, ಮುಂದಿನ ಸುತ್ತಿನಲ್ಲಿ ಮೂರನೆಯದು, ಹೀಗೆ ಏಳು ಸುತ್ತು. ಫೇಡರ್‌ಗಳು ಸೊನ್ನೆ ಗುರುತಿನಲ್ಲಿ, ಈಕ್ಯೂ ಮತ್ತು ರಿವರ್ಬ್ ಬಂದ್. ಈಗ ಪ್ರತಿ ಸುತ್ತಿನ ಎಡಭಾಗದಲ್ಲೂ ಅದೇ ಒಂದನೆಯ ಟ್ರ್ಯಾಕ್ ಇದೆ. ಎಡಭಾಗಗಳನ್ನು ಒಂದಕ್ಕೊಂದು ಹೊಂದಿಸಿದರೆ ಬಲಭಾಗಗಳು ತಾವಾಗಿ ಸಾಲಿಗೆ ಬರುತ್ತವೆ.

ಸರಿಯಾಗಿ ಕೂತಿತೇ ಅಂತ ನೋಡುವುದು ಸುಲಭ. ಎರಡು ಸುತ್ತಿನ ಎಡಭಾಗಗಳಲ್ಲಿ ಒಂದರ ಫೇಸ್ ತಿರುಗಿಸಿ (ಅಂದರೆ ಧ್ವನಿಯ ಅಲೆಯನ್ನು ತಲೆಕೆಳಗು ಮಾಡಿ), ಎರಡನ್ನೂ ಒಟ್ಟಿಗೆ ನುಡಿಸಿ. ಹೊಂದಿದ್ದರೆ ಒಂದನ್ನೊಂದು ಅಳಿಸಿಕೊಂಡು ಹೆಚ್ಚುಕಡಿಮೆ ಪೂರ್ತಿ ಮೌನ. ಒಂದು ಸ್ಯಾಂಪಲ್ ಆಚೀಚೆ ಆದರೂ ಚುರುಚುರು ಸದ್ದು ಕೇಳುತ್ತದೆ. ನಾಲ್ಕು ಸುತ್ತಿನ ಬದಲು ಏಳು ಸುತ್ತು ನಿಜ. ಆದರೆ ಹೊಂದಿಸಲು ಕೂರುವ ದಿನಗಟ್ಟಲೆ ಸಮಯ ಉಳಿಯುತ್ತದೆ.

ಇಲ್ಲೊಂದು ಪೆಟ್ಟು ನಾನು ತಿಂದಿದ್ದೇನೆ. ಯಂತ್ರ 48ರಲ್ಲಿ ಓಡುತ್ತಿತ್ತು, ಕಂಪ್ಯೂಟರಿನ ಪ್ರಾಜೆಕ್ಟ್ 44.1ರಲ್ಲಿತ್ತು. ಇಂಟರ್‌ಫೇಸ್ ಯಂತ್ರದ ಗಡಿಯಾರವನ್ನೇ ಅನುಸರಿಸಿ ಹಿಡಿಯಿತು, ಪ್ರಾಜೆಕ್ಟ್ ಮಾತ್ರ ಫೈಲಿನ ಮೇಲೆ 44.1 ಅಂತ ಚೀಟಿ ಹಚ್ಚಿತು. ನನಗೆ ಗೊತ್ತಾಗಲಿಲ್ಲ. ಹಾಡಿದ ಭಾಗವತರೇ ಕೇಳಿ, "ಇದು ನನ್ನ ಶ್ರುತಿ ಅಲ್ಲ, ನಾನು ಕಪ್ಪು ಎರಡರಲ್ಲಿ ಹೇಳಿದ್ದು" ಅಂದರು. ಕಪ್ಪು ಎರಡು ಅಂದರೆ ಹಾರ್ಮೋನಿಯಂನ ಎರಡನೆಯ ಕಪ್ಪು ಮನೆ. ನಿಜ, ಈ ತಪ್ಪಿನಲ್ಲಿ ಶ್ರುತಿ ಸುಮಾರು ಒಂದೂವರೆ ಮನೆ ಕೆಳಗಿಳಿಯುತ್ತದೆ. ಐದು ನಿಮಿಷದ ಪದ ಐದು ನಿಮಿಷ ಇಪ್ಪತ್ತಾರು ಸೆಕೆಂಡ್ ಆಗುತ್ತದೆ. ಏರು ಪದ ಏರುವುದೇ ಇಲ್ಲ. ಅದೃಷ್ಟಕ್ಕೆ ಧ್ವನಿ ಹಾಳಾಗಿರುವುದಿಲ್ಲ, ಚೀಟಿ ಮಾತ್ರ ತಪ್ಪು. ಆಡಾಸಿಟಿಯಲ್ಲಿ ಟ್ರ್ಯಾಕಿನ ಮೆನು ತೆರೆದು ರೇಟ್ 48,000 ಅಂತ ಬದಲಿಸಿದರೆ ಶ್ರುತಿ ತನ್ನ ಜಾಗಕ್ಕೆ ಬರುತ್ತದೆ. ಇಲ್ಲಿ ರೀಸ್ಯಾಂಪಲ್ ಅನ್ನುವ ಆದೇಶ ಕೊಡಬೇಡಿ, ಅದು ತಪ್ಪನ್ನೇ ಗಟ್ಟಿ ಮಾಡುತ್ತದೆ.

ಕಂಪ್ಯೂಟರಿನಿಂದ ವಾಪಸ್ ರೆಕಾರ್ಡರಿಗೆ

ಮದ್ದಳೆ ಕಲಿಯುವ ಹುಡುಗರಿಗೆ ನಾನು ಮದ್ದಳೆ ತಗ್ಗಿಸಿದ ಮಿಕ್ಸ್ ಮಾಡಿಕೊಡುತ್ತೇನೆ. ಬೇರೆ ಮೈಕ್‌ಗಳಿಗೆ ಸೋರಿದ ಮದ್ದಳೆ ಮೆಲ್ಲಗೆ ಕೇಳುತ್ತಲೇ ಇರುತ್ತದೆ, ಅದು ಕಲಿಯುವವರಿಗೆ ಆಸರೆ. ಅವರು ತಮ್ಮ ಮಲ್ಟಿಟ್ರ್ಯಾಕ್ ರೆಕಾರ್ಡರಿನಲ್ಲಿ ಅದನ್ನು ಕೇಳುತ್ತಾ ಇನ್ನೊಂದು ಟ್ರ್ಯಾಕಿನಲ್ಲಿ ತಮ್ಮ ಬಿಡ್ತಿಗೆ (ಮದ್ದಳೆಯ ನುಡಿತದ ತುಣುಕು) ರೆಕಾರ್ಡ್ ಮಾಡುತ್ತಾರೆ.

ಈ ದಾರಿಯಲ್ಲಿ ರೆಕಾರ್ಡರ್ ತುಂಬ ಕಟ್ಟುನಿಟ್ಟು. ಕಂಪ್ಯೂಟರ್ ಯಾವ ಫೈಲ್ ಕೊಟ್ಟರೂ ಹೇಗೋ ನುಡಿಸುತ್ತದೆ, ರೆಕಾರ್ಡರ್ ಹಾಗಲ್ಲ. ಅದರ ಸಾಂಗ್ ಅಥವಾ ಪ್ರಾಜೆಕ್ಟ್ 44.1, 16 ಬಿಟ್ ಇದ್ದರೆ ಫೈಲನ್ನೂ ಹಾಗೇ ಮಾಡಿ ಕೊಡಿ. 32 ಬಿಟ್ ಫ್ಲೋಟ್ ಫೈಲನ್ನು ಹಳೆಯ ಯಂತ್ರಗಳು ಒಪ್ಪುವುದಿಲ್ಲ. ಹೆಸರು ಚಿಕ್ಕದಿರಲಿ, ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಮಾತ್ರ ಇರಲಿ. ಕನ್ನಡದಲ್ಲಿ ಹೆಸರಿಟ್ಟರೆ ಅದರ ಪರದೆಯಲ್ಲಿ ಓದಲು ಬರುವುದಿಲ್ಲ, ಕೆಲವೊಮ್ಮೆ ಫೈಲೇ ಕಾಣುವುದಿಲ್ಲ. ಎಲ್ಲ ಟ್ರ್ಯಾಕ್‌ಗಳನ್ನೂ ಸೊನ್ನೆಯಿಂದ ಕೊನೆಯವರೆಗೆ ಒಂದೇ ಉದ್ದಕ್ಕೆ ರೆಂಡರ್ ಮಾಡಿ, ಅಂದರೆ ಹೊಸ ಫೈಲ್‌ಗಳಾಗಿ ಹೊರತೆಗೆಯಿರಿ. ರೀಪರ್‌ನಲ್ಲಿ ಸ್ಟೆಮ್ಸ್ (ಪ್ರತಿ ಟ್ರ್ಯಾಕ್ ಬೇರೆ ಫೈಲ್) ಮತ್ತು ಎಂಟೈರ್ ಪ್ರಾಜೆಕ್ಟ್ ಎರಡನ್ನೂ ಆರಿಸಿದರೆ ಇದು ಒಂದೇ ಏಟಿಗೆ ಆಗುತ್ತದೆ.

ಫೈಲ್ ಎಲ್ಲಿ ಇಡಬೇಕು ಅನ್ನುವುದು ಯಂತ್ರಕ್ಕೆ ತಕ್ಕಂತೆ ಬದಲಾಗುತ್ತದೆ. ಟ್ಯಾಸ್ಕಮ್ ಡಿಪಿ-24ಎಸ್‌ಡಿಗೆ ಆಡಿಯೊಡಿಪೋ ಎಂಬ ಫೋಲ್ಡರಿನಲ್ಲಿ ಇಡಬೇಕು. ಆಮೇಲೆ ಯಂತ್ರದ ಮೆನುವಿನಲ್ಲಿ ಇಂಪೋರ್ಟ್ ಕೊಟ್ಟು ಯಾವ ಟ್ರ್ಯಾಕಿಗೆ ಅಂತ ಹೇಳಬೇಕು. ಅಲ್ಲಿಂದ ಹೊರಗೆ ತರುವಾಗಲೂ ಅಷ್ಟೇ. ಮೊದಲು ಎಕ್ಸ್‌ಪೋರ್ಟ್ ಮಾಡಿದರೆ ಮಾತ್ರ ವೇವ್ ಫೈಲ್ ಅದೇ ಫೋಲ್ಡರಿಗೆ ಬರುತ್ತದೆ. ಜೂಮ್ ಆರ್16, ಆರ್24ರಲ್ಲಿ ಪ್ರಾಜೆಕ್ಟ್ ಫೋಲ್ಡರಿನ ಒಳಗೆ ಆಡಿಯೊ ಫೋಲ್ಡರ್ ಇದೆ. ಅದರಲ್ಲಿ ವೇವ್ ಹಾಕಿ, ಯಂತ್ರದಲ್ಲಿ ಆ ಫೈಲನ್ನು ಟ್ರ್ಯಾಕಿಗೆ ಜೋಡಿಸಬೇಕು. ಬರೀ ಕಾಪಿ ಮಾಡಿಬಿಟ್ಟರೆ ಸಾಲದು, ಯಂತ್ರಕ್ಕೆ ಹೇಳಬೇಕು.

ಹುಡುಗರು ರೆಕಾರ್ಡ್ ಮಾಡಿದ ಟ್ರ್ಯಾಕನ್ನು ಮತ್ತೆ ಕಂಪ್ಯೂಟರಿಗೆ ತರುವಾಗ ಒಂದು ಎಚ್ಚರಿಕೆ. ಅವರು ಹಾಡಿನ ನಡುವಿನಿಂದ ರೆಕಾರ್ಡಿಂಗ್ ಶುರು ಮಾಡಿದ್ದರೆ ಕೆಲವು ಯಂತ್ರಗಳಲ್ಲಿ ಫೈಲೂ ಅಲ್ಲಿಂದಲೇ ಶುರುವಾಗುತ್ತದೆ. ಅದನ್ನು ಸೊನ್ನೆಗೆ ತಂದಿಟ್ಟರೆ ತಾಳ ತಪ್ಪುತ್ತದೆ. ಅದಕ್ಕೇ ನಾನು ಹೇಳುವುದು, ಎಷ್ಟೇ ಸಣ್ಣ ಬಿಡ್ತಿಗೆ ಆದರೂ ರೆಕಾರ್ಡಿಂಗ್ ಸೊನ್ನೆಯಿಂದಲೇ ಶುರು ಮಾಡಿ, ನಿಮ್ಮ ಸರದಿ ಬರುವ ತನಕ ಸುಮ್ಮನೆ ಕೂತಿರಿ.

ಕಾರ್ಡ್ ಖಾಲಿ ಮಾಡುವುದು

ಎರಡು ನಕಲು ಎರಡು ಬೇರೆ ಡಿಸ್ಕಿನಲ್ಲಿ ಇವೆ, ಎರಡನ್ನೂ ತಾಳೆ ನೋಡಿದ್ದೀರಿ, ಕಿವಿಯಿಂದ ಕೇಳಿದ್ದೀರಿ. ಆಮೇಲೂ ಕಾರ್ಡನ್ನು ಕೂಡಲೇ ಅಳಿಸಬೇಡಿ. ನಾನು ಎರಡು ಕಾರ್ಡ್ ಇಟ್ಟುಕೊಂಡಿದ್ದೇನೆ. ಒಂದು ಕಾರ್ಯಕ್ರಮದ ಕಾರ್ಡ್ ಮುಂದಿನದು ಮುಗಿಯುವ ತನಕ ಲಾಕ್ ಆಗಿ ಡಬ್ಬಿಯಲ್ಲಿ ಇರುತ್ತದೆ.

ಅದರ ಸರದಿ ಬಂದಾಗ ಜಾರುಗುಂಡಿ ಬಿಡಿಸಿ, ರೆಕಾರ್ಡರಿಗೆ ಹಾಕಿ, ರೆಕಾರ್ಡರಿನ ಮೆನುವಿನಿಂದಲೇ ಫಾರ್ಮ್ಯಾಟ್ ಮಾಡಿ. ಕಂಪ್ಯೂಟರಿನಲ್ಲಿ ಮಾಡಿದರೆ ಯಂತ್ರಕ್ಕೆ ಬೇಕಾದ ಫೋಲ್ಡರ್‌ಗಳು ಆಗಿರುವುದಿಲ್ಲ. ಫಾರ್ಮ್ಯಾಟ್ ಆದ ಮೇಲೆ ಒಂದು ನಿಮಿಷ ಸುಮ್ನೆ ರೆಕಾರ್ಡ್ ಮಾಡಿ, ಕಂಪ್ಯೂಟರಿಗೆ ತಂದು ಐದೂ ಫೈಲ್, ಅಂದರೆ ನಾಲ್ಕು ಮೊನೊ ಮತ್ತು ಒಂದು ಸ್ಟೀರಿಯೊ, ಬಂದಿವೆಯೇ ಎಣಿಸಿ. ಹೊಸ ಬ್ಯಾಟರಿಯನ್ನೂ ಆಗಲೇ ಹಾಕಿಬಿಡಿ.